ಮೌಸರ್, ಸ್ಪ್ರಿಂಗ್‌ಫೀಲ್ಡ್, ಎನ್‌ಫೀಲ್ಡ್: ಹಳೇ ಸೇನಾ ಆಕ್ಷನ್ ಮೇಲೆ ಬೇಟೆ ರೈಫಲ್ ಕಟ್ಟುವುದಾದರೆ ಯಾವುದು?

ಹಳೇ ಮಿಲಿಟರಿ ರೈಫಲ್‌ನ ಆಕ್ಷನ್ (ತೋಟಾ ತುಂಬಿ, ನಳಿಕೆಯ ಹಿಂಬದಿ ಮುಚ್ಚುವ ಯಂತ್ರಭಾಗ) ತಗೊಂಡು, ಹೊಸ ನಳಿಕೆ ಕೂರಿಸಿ, ಒಳ್ಳೆಯ ವಾಲ್ನಟ್ ಮರ ಜೋಡಿಸಿ ಬೇಟೆ ರೈಫಲ್ ಮಾಡುವ ಹವ್ಯಾಸ ಅಮೆರಿಕದಲ್ಲಿ ನೂರು ವರ್ಷಕ್ಕೂ ಹಳೆಯದು. ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದ ಮೇಲೆ ನನಗೂ ಅದು ಹತ್ತಿಕೊಂಡಿತು. ಮೂರು ಬೇರೆ ಬೇರೆ ಆಕ್ಷನ್ ಮೇಲೆ ಕಟ್ಟಿದ್ದೇನೆ. ಒಂದು ಜೆಕ್ ದೇಶದ ವಿಜಡ್-24 ಮೌಸರ್. ಇನ್ನೊಂದು ಅಮೆರಿಕದ 1903 ಸ್ಪ್ರಿಂಗ್‌ಫೀಲ್ಡ್. ಮೂರನೆಯದು ಬ್ರಿಟಿಷ್ ಸೇನೆಗೆಂದು ಅಮೆರಿಕದಲ್ಲೇ ತಯಾರಾದ ಪಿ14 ಎನ್‌ಫೀಲ್ಡ್.

ಹೊಸಬರು ಮೊದಲು ಕೇಳೋದು "ಯಾವುದು ಜಾಸ್ತಿ ಗಟ್ಟಿ?" ಅಂತ. ಒಳ್ಳೆಯ ಸ್ಥಿತಿಯಲ್ಲಿದ್ದರೆ, ಸರಿಯಾದ ತೋಟಾಕ್ಕೆ ಕಟ್ಟಿದರೆ, ಮೂರೂ ಸಾಕಷ್ಟು ಗಟ್ಟಿ. ನಾನು ನೋಡುವುದು ಬೇರೆ ಎರಡು ವಿಷಯ. ತೋಟಾ ಮ್ಯಾಗಜಿನ್‌ನಿಂದ ನಳಿಕೆಗೆ ಎಷ್ಟು ಸಲೀಸಾಗಿ ಹೋಗುತ್ತದೆ? ರೈಫಲ್‌ನ ಹೊಟ್ಟೆಯ ಗೆರೆ, ಅಂದರೆ ಕೆಳಂಚು, ಎಲ್ಲಿ ಹಾದುಹೋಗುತ್ತದೆ? ಕ್ಲಾಸಿಕ್ ರೈಫಲ್‌ನ ಅಂದ, ಅದು ಕೈಗೆ ಒಗ್ಗುವ ಬಗೆ, ಕಾಡಿನಲ್ಲಿ ಅದರ ಮೇಲೆ ಇಡುವ ನಂಬಿಕೆ, ಎಲ್ಲ ನಿಂತಿರೋದು ಈ ಎರಡರ ಮೇಲೆ.

ಕ್ಲಾಸಿಕ್ ಅಂದರೆ ಏನು ಅಂತ ಒಂದು ಮಾತು. ಸ್ಟಾಕ್‌ನ, ಅಂದರೆ ಮರದ ಮೈಯ, ಮೇಲಂಚು ನೇರ, ಹಿಂದೆ ಗೂನು ಎದ್ದಿರಬಾರದು. ಮುಂದಿನ ಕೈ ಹಿಡಿಯುವ ಜಾಗ ತೆಳ್ಳಗೆ, ತುದಿಯಲ್ಲಿ ಕರಿಮರದ ತುಂಡು. ಹಿಡಿಯ ಬುಡಕ್ಕೆ ಉಕ್ಕಿನ ಟೋಪಿ, ಹಿಂಬದಿಗೆ ಉಕ್ಕಿನ ತಟ್ಟೆ ಅಥವಾ ತೆಳುವಾದ ಕೆಂಪು ರಬ್ಬರ್. ಕೈಯಲ್ಲೇ ಕೆತ್ತಿದ ಸಣ್ಣ ಚೌಕುಳಿ ಗೆರೆಗಳು, ಒಂದು ಇಂಚಿಗೆ 22ರಿಂದ 26. ಮರಕ್ಕೆ ಎಣ್ಣೆಯ ಮೆರುಗು, ಪ್ಲಾಸ್ಟಿಕ್‌ನಂತೆ ಹೊಳೆಯುವ ವಾರ್ನಿಶ್ ಬೇಡ. ನ್ಯೂಯಾರ್ಕ್‌ನಲ್ಲಿ 1923ರಲ್ಲಿ ಶುರುವಾದ ಗ್ರಿಫಿನ್ ಅಂಡ್ ಹೋವ್ ಕಂಪನಿಯವರು ಸ್ಪ್ರಿಂಗ್‌ಫೀಲ್ಡ್ ಆಕ್ಷನ್ ಮೇಲೆ ಇಂಥ ರೈಫಲ್ ಕಟ್ಟಿಯೇ ಹೆಸರು ಮಾಡಿದರು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿಯಾಗಿ ಉಳಿದುಕೊಂಡಿರುವ ಮಿಲಿಟರಿ ರೈಫಲ್‌ಗೆ ದಯವಿಟ್ಟು ಗರಗಸ ಹಾಕಬೇಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇವು ಇಲ್ಲಿ ಮೂಟೆಗಟ್ಟಲೆ ಅಗ್ಗಕ್ಕೆ ಸಿಗುತ್ತಿದ್ದವು. 1968ರ ಬಂದೂಕು ಕಾನೂನು ಹಳೇ ಸೇನಾ ಕೋವಿಗಳ ಆಮದಿಗೆ ತಡೆ ಹಾಕಿತು. ಈಗ ಮೂಲ ರೂಪದಲ್ಲಿರುವ ರೈಫಲ್ ಅಂದರೆ ಇತಿಹಾಸದ ವಸ್ತು, ಬೆಲೆಯೂ ಹಾಗೇ ಏರಿದೆ. ಆದರೆ ಐವತ್ತು ಅರವತ್ತರ ದಶಕದಲ್ಲಿ ಯಾರ್ಯಾರೋ ತಮ್ಮ ಗ್ಯಾರೇಜಿನಲ್ಲಿ ಅರ್ಧಂಬರ್ಧ ಕತ್ತರಿಸಿ, ಕೊರೆದು, ಸ್ಟಾಕ್ ಕುಯ್ದು ಬಿಟ್ಟ ರೈಫಲ್‌ಗಳು ಬೇಕಾದಷ್ಟಿವೆ. ಸಂಗ್ರಹ ಮಾಡುವವರು ಅವನ್ನು ಮುಟ್ಟುವುದಿಲ್ಲ. ನಮಗೆ ಬೇಕಾದದ್ದು ಅವೇ. ನನ್ನ ಮೂರೂ ಆಕ್ಷನ್ ಅಂಥ ರೈಫಲ್‌ಗಳಿಂದಲೇ ಬಂದವು.

ಈಗ ಮೌಸರ್. ಜರ್ಮನ್ ಸೇನೆ ಇದನ್ನು ಒಪ್ಪಿಕೊಂಡಿದ್ದು 1898ರಲ್ಲಿ, ಆದ್ದರಿಂದ ಮೌಸರ್ 98. ಮುಂದೆ ಹತ್ತಾರು ದೇಶಗಳು ಇದನ್ನೇ ತಯಾರಿಸಿಕೊಂಡವು. ಅವುಗಳಲ್ಲಿ ಬ್ರ್ನೋ ಕಾರ್ಖಾನೆಯ ವಿಜಡ್-24, ಬರ್ಲಿನ್‌ನಲ್ಲಿ ಅರ್ಜೆಂಟೀನಾಕ್ಕಾಗಿ ಮಾಡಿದ 1909 ಮಾದರಿ, ಇವೆರಡಕ್ಕೆ ರೈಫಲ್ ಕಟ್ಟುವವರಲ್ಲಿ ವಿಶೇಷ ಬೆಲೆ. 1909ರಲ್ಲಿ ಮ್ಯಾಗಜಿನ್‌ನ ತಳದ ಮುಚ್ಚಳಕ್ಕೆ ಕೀಲು ಇದೆ. ಟ್ರಿಗರ್ ಗಾರ್ಡ್ ಒಳಗಿನ ಸಣ್ಣ ಕೊಂಡಿ ಒತ್ತಿದರೆ ತಳ ತೆರೆದುಕೊಳ್ಳುತ್ತದೆ. ದುಬಾರಿ ಬೇಟೆ ರೈಫಲ್‌ಗೆ ಬೇಕಾದ ಸೌಕರ್ಯ ಮಿಲಿಟರಿಯಿಂದಲೇ ಬಿಟ್ಟಿ ಬಂದ ಹಾಗೆ. ಆದರೆ 1909ರ ಉಕ್ಕು ಸ್ವಲ್ಪ ಮೆದು. ಒಳ್ಳೆಯ ಕಸುಬುದಾರರು ಅದನ್ನು ಮತ್ತೆ ಹದಗೊಳಿಸದೆ ಮುಂದುವರಿಯುವುದಿಲ್ಲ. ವಿಜಡ್-24ರಲ್ಲಿ ಆ ಚಿಂತೆ ಕಡಿಮೆ, ಅದಕ್ಕೇ ನಾನು ಅದನ್ನು ಆರಿಸಿಕೊಂಡೆ.

ತೋಟಾ ಹೋಗುವ ದಾರಿ ನೋಡಬೇಕೆಂದರೆ, ಮದ್ದು ಇಲ್ಲದ ಡಮ್ಮಿ ತೋಟಾ ತುಂಬಿ ಬೋಲ್ಟನ್ನು (ಕೈಯಿಂದ ಹಿಂದೆ ಮುಂದೆ ಸರಿಸುವ ಉಕ್ಕಿನ ದಂಡ) ನಿಧಾನವಾಗಿ ಮುಂದಕ್ಕೆ ತಳ್ಳಿ. ತೋಟಾ ಮ್ಯಾಗಜಿನ್‌ನ ತುಟಿ ದಾಟಿ ಮೇಲೆ ಬಂದ ತಕ್ಷಣ ಅದರ ಬುಡದ ಅಂಚು ಬೋಲ್ಟ್ ಮುಖದ ಮೇಲೆ ಜಾರಿ, ಉದ್ದನೆಯ ಕೊಕ್ಕೆಯ ಕೆಳಗೆ ಹೋಗಿ ಕೂರುತ್ತದೆ. ಆ ಕ್ಷಣದಿಂದ ತೋಟಾ ಬೋಲ್ಟ್‌ನ ಹಿಡಿತದಲ್ಲಿದೆ. ರೈಫಲ್ ಓರೆಯಾಗಿರಲಿ, ತಲೆಕೆಳಗಾಗಿರಲಿ, ಬೀಳುವುದಿಲ್ಲ. ಅರ್ಧಕ್ಕೆ ನಿಲ್ಲಿಸಿ ಹಿಂದಕ್ಕೆ ಎಳೆದರೆ ಅದೇ ತೋಟಾ ವಾಪಸ್ ಬರುತ್ತದೆ, ಇನ್ನೊಂದು ಬಂದು ಸಿಕ್ಕಿಕೊಳ್ಳುವ ಮಾತೇ ಇಲ್ಲ. ಈ ಕೊಕ್ಕೆ ಸ್ಪ್ರಿಂಗ್‌ಫೀಲ್ಡ್‌ನಲ್ಲೂ ಇದೆ, ಪಿ14ರಲ್ಲೂ ಇದೆ. ಎರಡೂ ಮೌಸರ್‌ನ ಸಂತಾನವೇ ಅಲ್ವಾ? ಆದರೆ ಮ್ಯಾಗಜಿನ್ ಲೆಕ್ಕದಲ್ಲಿ ಮೌಸರ್ ಒಂದು ಹೆಜ್ಜೆ ಮುಂದೆ.

ಆ ಲೆಕ್ಕ ಹೀಗೆ. ತೋಟಾಗಳು ಎರಡು ಸಾಲಿನಲ್ಲಿ ಒಂದರ ಸಂದಿಗೆ ಇನ್ನೊಂದು ಬರುವಂತೆ ಕೂರುತ್ತವೆ. ಅಕ್ಕಪಕ್ಕದ ಮೂರು ತೋಟಾದ ನಡುಬಿಂದು ಸೇರಿಸಿದರೆ ಸಮಬಾಹು ತ್ರಿಕೋನ ಆಗಬೇಕು. ಹಾಗಾಗಲು ಮ್ಯಾಗಜಿನ್ ಪೆಟ್ಟಿಗೆಯ ಒಳ ಅಗಲ ತೋಟಾದ ಬುಡದ ಅಗಲದ 1.866 ಪಟ್ಟು ಇರಬೇಕು. ನಾನು ವಿಜಡ್-24ಕ್ಕೆ ಆರಿಸಿದ 7×57 ತೋಟಾದ (ಗುಂಡು 7 ಮಿ.ಮೀ., ಕೋಶದ ಉದ್ದ 57 ಮಿ.ಮೀ.) ಬುಡ ಸುಮಾರು 0.473 ಇಂಚು, ಹಾಗಾಗಿ ಪೆಟ್ಟಿಗೆ ಹಿಂಭಾಗದಲ್ಲಿ ಸುಮಾರು 0.88 ಇಂಚು. ತೋಟಾ ಮುಂದೆ ಹೋದಂತೆ ಸಪುರ ಆಗುತ್ತದೆ, ಪೆಟ್ಟಿಗೆಯೂ ಅದೇ ಪ್ರಮಾಣದಲ್ಲಿ ಕಿರಿದಾಗಬೇಕು. ಮೌಸರ್ ಕಂಪನಿ ಪ್ರತಿ ತೋಟಾಕ್ಕೂ ಈ ಲೆಕ್ಕ ಹಾಕಿಯೇ ಪೆಟ್ಟಿಗೆ ಮಾಡುತ್ತಿತ್ತು. ವಿಜಡ್-24 ಮೂಲತಃ 8×57 ತೋಟಾದ್ದು. 7×57 ಅದರ ಅಣ್ಣತಮ್ಮ, ಬುಡ ಒಂದೇ, ಉದ್ದ ಹೆಚ್ಚುಕಡಿಮೆ ಒಂದೇ. ಹಾಗಾಗಿ ನಾನು ಮ್ಯಾಗಜಿನ್ ಮುಟ್ಟಲೇ ಇಲ್ಲ. ಅಂಚುಗಳನ್ನು ಬರೀ ನುಣುಪು ಮಾಡಿದೆ, ಅಷ್ಟೇ. ಬೋಲ್ಟನ್ನು ಎರಡು ಬೆರಳಲ್ಲಿ ತಳ್ಳಿದರೂ ತೋಟಾ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಇದೇ ತೋಟಾವನ್ನು ಬ್ರಿಟನ್ನಿನ ರಿಗ್ಬಿಯವರು .275 ಎಂದು ಕರೆದು ಮೌಸರ್ ಆಕ್ಷನ್ ಮೇಲೆ ರೈಫಲ್ ಕಟ್ಟುತ್ತಿದ್ದರು. ಚಂಪಾವತ್ ಹೆಣ್ಣುಹುಲಿಯನ್ನು ಹೊಡೆದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದದ್ದು ಅಂಥದ್ದೇ ಒಂದು.

ಮೌಸರ್‌ನ ಇನ್ನೊಂದು ದೊಡ್ಡ ಗುಣ, ಏನಾದರೂ ಎಡವಟ್ಟಾದಾಗ ಹೊಡೆಯುವವನನ್ನು ಕಾಯುವ ರೀತಿ. ಪ್ರೈಮರ್ (ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಸಣ್ಣ ಬಟ್ಟಲು) ತೂತಾದರೆ ಬಿಸಿ ಗ್ಯಾಸ್ ಬೋಲ್ಟ್ ಒಳಗೆ ನುಗ್ಗುತ್ತದೆ. ಮೌಸರ್ ಬೋಲ್ಟ್‌ನ ಮೈಯಲ್ಲಿ ಎರಡು ದೊಡ್ಡ ತೂತುಗಳಿವೆ, ಗ್ಯಾಸ್ ಅಲ್ಲಿಂದ ಪಕ್ಕಕ್ಕೆ ಹೋಗುತ್ತದೆ. ಅದನ್ನೂ ಮೀರಿ ಹಿಂದೆ ಬಂದದ್ದನ್ನು ಬೋಲ್ಟ್ ಹಿಂಬದಿಯ ಅಗಲ ಅಂಚು ಮುಖದಿಂದ ಆಚೆ ತಿರುಗಿಸುತ್ತದೆ. ರಿಸೀವರ್ (ಬೋಲ್ಟ್ ಓಡಾಡುವ ಉಕ್ಕಿನ ಚೌಕಟ್ಟು) ಒಳಗೆ ಒಂದು ಉಕ್ಕಿನ ಬಳೆ ಬೋಲ್ಟ್ ತಲೆಯನ್ನು ಸುತ್ತುವರಿದಿದೆ. ಈ ವಿಷಯದಲ್ಲಿ ಉಳಿದೆರಡೂ ಇದಕ್ಕೆ ಸಮ ಅಲ್ಲ.

ಕೆಲಸ ಮಾತ್ರ ಜಾಸ್ತಿ. ವಿಜಡ್-24ರ ಬೋಲ್ಟ್ ಹಿಡಿ ನೇರವಾಗಿ ಪಕ್ಕಕ್ಕೆ ಚಾಚಿಕೊಂಡಿದೆ. ಅದನ್ನು ಕತ್ತರಿಸಿ, ಕೆಳಕ್ಕೆ ಬಾಗಿದ ಹೊಸ ಹಿಡಿ ಬೆಸುಗೆ ಹಾಕಿಸಬೇಕು. ಸೇಫ್ಟಿ ಬೋಲ್ಟ್ ತಲೆಯ ಮೇಲೆ ಬಾವುಟದ ಹಾಗೆ ಏಳುತ್ತದೆ, ದೂರದರ್ಶಕ ಹಾಕಿದರೆ ಅದಕ್ಕೆ ಜಾಗವೇ ಇಲ್ಲ. ಪಕ್ಕಕ್ಕೆ ಜರುಗುವ ಮೂರು ಹಂತದ ಸೇಫ್ಟಿ ಹಾಕಿಸಿದೆ. ರಿಸೀವರ್‌ನ ಹಿಂದಿನ ಸೇತುವೆ (ಬೋಲ್ಟ್ ಮೇಲೆ ಕಮಾನಿನಂತೆ ಹಾಯುವ ಭಾಗ) ಮೇಲೆ ತೋಟಾ ಕ್ಲಿಪ್ ಕೂರಿಸಲು ಇರುವ ಗೂನು ಸವರಬೇಕು. ಎಡಗೋಡೆಯಲ್ಲಿ ಸೈನಿಕನ ಹೆಬ್ಬೆರಳಿಗೆಂದು ಮಾಡಿದ ಕಚ್ಚು ಹಾಗೇ ಉಳಿಯುತ್ತದೆ. ಕೆಲವರು ಅದನ್ನೂ ಬೆಸುಗೆಯಿಂದ ತುಂಬಿಸುತ್ತಾರೆ. ನಾನು ಬಿಟ್ಟೆ. ಈ ರೈಫಲ್ ಎಲ್ಲಿಂದ ಬಂತು ಅಂತ ಹೇಳುವ ಗುರುತು ಒಂದಾದರೂ ಇರಲಿ ಅನ್ನಿಸಿತು.

ಸ್ಪ್ರಿಂಗ್‌ಫೀಲ್ಡ್ ಹುಟ್ಟಿದ ಕಥೆಯೇ ಮೌಸರ್‌ಗೆ ಕೊಟ್ಟ ಸರ್ಟಿಫಿಕೇಟ್. ಅಮೆರಿಕ ಸರ್ಕಾರ ಮೌಸರ್ ಪೇಟೆಂಟ್ ಬಳಸಿದ್ದಕ್ಕಾಗಿ 2 ಲಕ್ಷ ಡಾಲರ್ ರಾಯಧನ ಕೊಡಬೇಕಾಯಿತು. ಆದರೂ ಇದು ಬರೀ ನಕಲಲ್ಲ. ಮೂರರಲ್ಲಿ ಕೈಗೆ ಅತಿ ಚೆಂದ ಕೂರುವುದು ಇದೇ. ಆಕ್ಷನ್ ಸಪೂರ, ತಳ ಚಪ್ಪಟೆ, ಮ್ಯಾಗಜಿನ್ ಸ್ಟಾಕ್‌ನ ಗೆರೆಯೊಳಗೇ ಮುಚ್ಚಿಹೋಗುತ್ತದೆ. ಬೋಲ್ಟ್ ಹಿಡಿ ಮೊದಲೇ ಕೆಳಕ್ಕೆ ಬಾಗಿದೆ. .30-06 ತೋಟಾ ಇದರ ಸ್ವಂತದ್ದು, ಮೌಸರ್‌ನಲ್ಲಿ ಅದೇ ತೋಟಾ ಸ್ವಲ್ಪ ಇಕ್ಕಟ್ಟು. ಥಿಯೋಡೋರ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದಾಗಲೇ ಇದರ ಮೇಲೆ ಒಂದು ಬೇಟೆ ರೈಫಲ್ ಮಾಡಿಸಿಕೊಂಡು, 1909ರಲ್ಲಿ ಆಫ್ರಿಕಾಕ್ಕೆ ಒಯ್ದಿದ್ದರು.

ನನ್ನ ಸ್ಪ್ರಿಂಗ್‌ಫೀಲ್ಡ್‌ಗೆ ದೂರದರ್ಶಕ ಹಾಕಲಿಲ್ಲ. ರಿಸೀವರ್ ಪಕ್ಕಕ್ಕೆ ಲೈಮನ್ 48 ಕೂರಿಸಿದೆ. ಅದು ಸಣ್ಣ ತೂತಿನ ಮೂಲಕ ನೋಡುವ ಹಳೇ ಕಾಲದ ಸೈಟು, ತಿರುಗುಣಿ ತಿರುಗಿಸಿದರೆ ಕ್ಲಿಕ್ ಕ್ಲಿಕ್ ಅಂತ ಲೆಕ್ಕ ಕೊಡುತ್ತದೆ. ಇದರಿಂದ ಸೇಫ್ಟಿ ಬದಲಿಸುವ ಕೆಲಸ ಉಳಿಯಿತು, ಬೋಲ್ಟ್ ಹಿಡಿಯನ್ನೂ ಮುಟ್ಟಬೇಕಾಗಲಿಲ್ಲ. ಮಂಜು ಬೀಳುವಾಗ ಗಾಜು ಒರೆಸುವ ಗೋಳೂ ಇಲ್ಲ. ಪೆನ್ಸಿಲ್ವೇನಿಯಾದ ದಟ್ಟ ಕಾಡಿನಲ್ಲಿ ಜಿಂಕೆಯನ್ನು ನೂರು ಗಜಕ್ಕಿಂತ ದೂರದಲ್ಲಿ ಕಾಣುವುದೇ ಅಪರೂಪ. ಅಲ್ಲಿಗೆ ಈ ಸೈಟು ಧಾರಾಳ ಸಾಕು.

ಸ್ಪ್ರಿಂಗ್‌ಫೀಲ್ಡ್ ಕೊಳ್ಳುವವರು ಬೇರೇನನ್ನೂ ನೋಡುವ ಮೊದಲು ರಿಸೀವರ್ ಮೇಲಿನ ನಂಬರ್ ನೋಡಬೇಕು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯದಾದರೆ 8,00,000ಕ್ಕಿಂತ ಕಡಿಮೆ, ರಾಕ್ ಐಲ್ಯಾಂಡ್‌ನದಾದರೆ 2,85,507ಕ್ಕಿಂತ ಕಡಿಮೆ ಇದ್ದರೆ ಕೈಬಿಡಿ. ಆ ಕಾಲದಲ್ಲಿ ಕೆಲಸಗಾರರು ಕಾದ ಉಕ್ಕಿನ ಬಣ್ಣವನ್ನು ಬರಿಗಣ್ಣಲ್ಲಿ ನೋಡಿ ಶಾಖ ಅಂದಾಜು ಮಾಡುತ್ತಿದ್ದರು. ಕೆಲವು ಉಕ್ಕು ಅತಿಯಾಗಿ ಕಾದು ಸುಟ್ಟುಹೋಯಿತು. ಅಂಥ ರಿಸೀವರ್ ಒತ್ತಡ ಬಿದ್ದರೆ ಹಿಗ್ಗುವುದಿಲ್ಲ, ಚೂರಾಗುತ್ತದೆ. ಮತ್ತೆ ಹದಗೊಳಿಸಿದರೂ ಸುಟ್ಟ ಉಕ್ಕು ಸರಿಹೋಗದು. "ಇಷ್ಟು ವರ್ಷ ಏನೂ ಆಗಿಲ್ಲ" ಅಂತ ಮಾರುವವರು ಹೇಳುತ್ತಾರೆ. ಕೇಳಬೇಡಿ. ಆಮೇಲಿನ ಎರಡು ಸಲ ಹದಗೊಳಿಸಿದವು, ನಿಕ್ಕಲ್ ಉಕ್ಕಿನವು, ಎರಡನೇ ಯುದ್ಧಕಾಲದಲ್ಲಿ ರೆಮಿಂಗ್ಟನ್ ಮತ್ತು ಸ್ಮಿತ್-ಕರೋನಾ ಮಾಡಿದ 1903ಎ3, ಇವೆಲ್ಲ ಒಳ್ಳೆಯವು. 1903ಎ3ರ ಟ್ರಿಗರ್ ಗಾರ್ಡ್ ಮಾತ್ರ ತಗಡಿನಲ್ಲಿ ಅಚ್ಚೊತ್ತಿದ್ದು. ಕ್ಲಾಸಿಕ್ ರೈಫಲ್‌ಗೆ ಅದು ಒಪ್ಪುವುದಿಲ್ಲ, ಹಳೇ 1903ರದ್ದು ಹುಡುಕಿ ಹಾಕಬೇಕು.

ಕೊರತೆ ಇಲ್ಲ ಅಂತಲ್ಲ. ನಳಿಕೆಯ ಹಿಂತುದಿ ಆಲಿಕೆಯ ಆಕಾರದಲ್ಲಿದೆ. ತೋಟಾ ಸಲೀಸಾಗಿ ಒಳಗೆ ಹೋಗಲಿ ಅಂತ ಹಾಗೆ ಮಾಡಿದ್ದಾರೆ, ಹೋಗುತ್ತದೆ ಕೂಡ. ಆದರೆ ತೋಟಾದ ಬುಡ ಮೌಸರ್‌ಗಿಂತ ಸ್ವಲ್ಪ ಜಾಸ್ತಿ ಹೊರಗೆ ಉಳಿಯುತ್ತದೆ. ಗ್ಯಾಸ್ ಹೋಗುವ ದಾರಿಯೂ ಮೌಸರ್‌ನಷ್ಟು ಚೆನ್ನಾಗಿಲ್ಲ. ಅದಕ್ಕೇ 1930ರ ದಶಕದ ಕೊನೆಯಲ್ಲಿ ರಿಸೀವರ್‌ನ ಎಡಗಡೆ ಇನ್ನೊಂದು ತೂತು ಕೊರೆಯಲು ಶುರುಮಾಡಿದರು. ಹೊಡೆಯುವ ಸೂಜಿ ಎರಡು ತುಂಡಿನದು, ಮೌಸರ್‌ನದು ಒಂದೇ ತುಂಡು. ನನ್ನ ಮಟ್ಟಿಗೆ ಇವು ಬೇಡ ಅನ್ನುವಷ್ಟು ದೊಡ್ಡ ದೋಷ ಅಲ್ಲ. ಎರಡನ್ನೂ ಪಕ್ಕಪಕ್ಕ ಬಿಚ್ಚಿಟ್ಟರೆ ಯಾವುದನ್ನು ಜಾಸ್ತಿ ಯೋಚಿಸಿ ಮಾಡಿದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ.

ಮೂರನೆಯದು ಪಿ14. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ತನ್ನ .303 ತೋಟಾಕ್ಕೆ ಇದನ್ನು ಅಮೆರಿಕದ ಮೂರು ಕಾರ್ಖಾನೆಗಳಲ್ಲಿ ಮಾಡಿಸಿತು: ವಿಂಚೆಸ್ಟರ್, ರೆಮಿಂಗ್ಟನ್, ಮತ್ತು ನಮ್ಮ ಪೆನ್ಸಿಲ್ವೇನಿಯಾದ ಎಡ್ಡಿಸ್ಟೋನ್. ಅಮೆರಿಕ ಯುದ್ಧಕ್ಕೆ ಇಳಿದಾಗ ಸ್ಪ್ರಿಂಗ್‌ಫೀಲ್ಡ್‌ಗಳು ಸಾಲದೆ, ಇದನ್ನೇ .30-06ಕ್ಕೆ ಬದಲಿಸಿ ಎಂ1917 ಅಂತ ಹೆಸರಿಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು ತಯಾರಿಸಿದರು. ಎರಡೂ ಒಂದೇ ಆಕ್ಷನ್. ಎಡ್ಡಿಸ್ಟೋನ್ ರಿಸೀವರ್‌ಗಳಲ್ಲಿ ನಳಿಕೆಯನ್ನು ವಿಪರೀತ ಬಿಗಿಯಾಗಿ ತಿರುಗಿಸಿ ಕೂರಿಸಿದ್ದರಿಂದ ಬಿಚ್ಚುವಾಗ ಬಿರುಕು ಬಿಡುವ ಅಪಾಯ ಇದೆ ಅನ್ನೋದು ಕಸುಬುದಾರರ ಸಾಮಾನ್ಯ ಎಚ್ಚರಿಕೆ. ಯಾವ ಕಾರ್ಖಾನೆಯದೇ ಇರಲಿ, ನಳಿಕೆ ಬಿಚ್ಚಿಸಿದ ಮೇಲೆ ಕಾಂತದ ಪುಡಿಯ ಪರೀಕ್ಷೆ ಮಾಡಿಸಿ. ಕಣ್ಣಿಗೆ ಕಾಣದ ಬಿರುಕು ಅದರಲ್ಲಿ ಗೆರೆಯಾಗಿ ಕಾಣುತ್ತದೆ. ನನ್ನದು ವಿಂಚೆಸ್ಟರ್, ಆದರೂ ಮಾಡಿಸಿದೆ.

ಇದನ್ನು ಕ್ಲಾಸಿಕ್ ರೂಪಕ್ಕೆ ತರೋದು ಮೂರರಲ್ಲಿ ಅತಿ ಕಷ್ಟ. ಹಿಂದಿನ ಸೈಟನ್ನು ಕಾಯಲು ರಿಸೀವರ್ ಮೇಲೆ ಎರಡು ದೊಡ್ಡ ಕಿವಿಗಳಿವೆ. ಅವನ್ನು ಮಿಲ್ಲಿಂಗ್ ಯಂತ್ರದಲ್ಲಿ ಸವರಿ, ಸೇತುವೆಯನ್ನು ಗುಂಡಗೆ ಮಾಡಬೇಕು. ಬೋಲ್ಟ್ ಹಿಡಿ ಎರಡು ಕಡೆ ಸೊಟ್ಟ. ಬೋಲ್ಟ್ ಮುಚ್ಚುವಾಗ ಸ್ಪ್ರಿಂಗ್ ಬಿಗಿಯಾಗುತ್ತದೆ, ತೆರೆಯುವಾಗ ಅಲ್ಲ. ಮೌಸರ್ ಅಭ್ಯಾಸ ಇದ್ದವರಿಗೆ ಇದು ಹಿಡಿಸುವುದಿಲ್ಲ. ಬದಲಿಸುವ ಬಿಡಿಭಾಗಗಳು ಸಿಗುತ್ತವೆ, ಹಾಕಿದೆ. ಎಲ್ಲಕ್ಕಿಂತ ದೊಡ್ಡ ತಲೆನೋವು ಹೊಟ್ಟೆ. ಮ್ಯಾಗಜಿನ್ ಆಳವಾಗಿದೆ. .303ರ ದಪ್ಪ ಅಂಚಿನ ತೋಟಾ ಐದು ಹಿಡಿಸಲು ಮಾಡಿದ್ದು, ಅದಕ್ಕೇ ಎಂ1917ರಲ್ಲಿ .30-06 ಆರು ಹಿಡಿಸುತ್ತದೆ. ಹಾಗಾಗಿ ಟ್ರಿಗರ್ ಗಾರ್ಡ್ ಮುಂದೆ ತಳ ಕೆಳಕ್ಕೆ ಜೋತುಬೀಳುತ್ತದೆ. ಅದನ್ನು ಹಾಗೇ ಬಿಟ್ಟರೆ ಎಷ್ಟು ಒಳ್ಳೆಯ ಮರ ಹಾಕಿದರೂ ರೈಫಲ್ ಬಸುರಿ ಆಡಿನಂತೆ ಕಾಣುತ್ತದೆ. ಪೆಟ್ಟಿಗೆ ಕುಯ್ದು, ಟ್ರಿಗರ್ ಗಾರ್ಡ್‌ನ ಮುಂಭಾಗ ಕತ್ತರಿಸಿ ನೇರ ಮಾಡಿ ಬೆಸೆಯಿಸಿದ ಮೇಲೆಯೇ ಗೆರೆ ಸರಿಹೋಯಿತು.

ಇಷ್ಟೆಲ್ಲ ಯಾಕೆ ಒದ್ದಾಡಬೇಕು? ದೊಡ್ಡ ತೋಟಾಕ್ಕೆ. ನಾನು ಇದನ್ನು .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಂಗೆ ಕಟ್ಟಿದೆ, ಅಲಾಸ್ಕಾದ ಮೂಸ್ ಬೇಟೆ ಮನಸ್ಸಿನಲ್ಲಿತ್ತು. ಸಾಮಾನ್ಯ ಮೌಸರ್‌ನಲ್ಲಿ ಅಷ್ಟು ಉದ್ದದ ತೋಟಾ ಹಿಡಿಸಬೇಕಾದರೆ ರಿಸೀವರ್‌ನ ಮುಂಭಾಗದಿಂದ ಉಕ್ಕು ತೆಗೆಯಬೇಕು. ಹೊರೆ ಹೊರುವ ಜಾಗದಿಂದಲೇ ತೆಗೆದ ಹಾಗಾಗುತ್ತದೆ. ಪಿ14 ಆಕ್ಷನ್ ಉದ್ದ ಇದೆ, ಅಂಥ ಅನ್ಯಾಯ ಮಾಡಬೇಕಿಲ್ಲ. ಇನ್ನೊಂದು ಸಂಗತಿಯೂ ಇದೆ. .303ರ ಬುಡದ ಅಂಚು 0.540 ಇಂಚು, .375ರದ್ದು 0.532. ಅಂದರೆ ಪಿ14ರ ಬೋಲ್ಟ್ ಮುಖ ಹೆಚ್ಚುಕಡಿಮೆ ಮೊದಲೇ ಸಿದ್ಧವಾಗಿದೆ. ಎಂ1917 ಆದರೆ ಬೋಲ್ಟ್ ಮುಖ ಕೊರೆದು ಅಗಲ ಮಾಡಬೇಕು. ದೊಡ್ಡ ತೋಟಾ ಬೇಕೆನ್ನುವವರು ಎಂ1917 ಬಿಟ್ಟು ಪಿ14 ಹುಡುಕುವುದು ಇದಕ್ಕೇ. ಸೇಫ್ಟಿಯೂ ಮೂರರಲ್ಲಿ ಇದರದ್ದೇ ಚೆನ್ನ. ಬಲಗಡೆ, ಹೆಬ್ಬೆರಳ ಕೆಳಗೇ, ಸದ್ದಿಲ್ಲದೆ ಜರುಗುತ್ತದೆ, ದೂರದರ್ಶಕಕ್ಕೂ ಅಡ್ಡ ಬರುವುದಿಲ್ಲ. ತೂಕ ಜಾಸ್ತಿ. ಆದರೆ .375ರ ಒದೆತ ತಿನ್ನಲು ಆ ತೂಕ ಬೇಕೇ ಬೇಕು.

ಗುರಿಯಲ್ಲಿ ಏನು ವ್ಯತ್ಯಾಸ? ನನಗೆ ಕಂಡಂತೆ ಏನೂ ಇಲ್ಲ. ದೂರದರ್ಶಕ ಇರುವ ಎರಡೂ ನೂರು ಗಜದಲ್ಲಿ ಒಂದೂವರೆ ಇಂಚಿನೊಳಗೆ ಗುಂಡು ಇಡುತ್ತವೆ. ಸ್ಪ್ರಿಂಗ್‌ಫೀಲ್ಡ್ ತೂತಿನ ಸೈಟಿನಲ್ಲಿ ಎರಡು ಇಂಚು ದಾಟುವುದು ಕಡಿಮೆ. ಗುರಿಯನ್ನು ತೀರ್ಮಾನಿಸೋದು ನಳಿಕೆ ಮತ್ತು ಮರ. ನಳಿಕೆ ಕೂರಿಸೋದು, ಹೆಡ್‌ಸ್ಪೇಸ್ (ಬೋಲ್ಟ್ ಮುಚ್ಚಿದಾಗ ತೋಟಾಕ್ಕೆ ಉಳಿಯುವ ಜಾಗ) ಅಳೆಯೋದು ಮೂರಕ್ಕೂ ಪರವಾನಗಿ ಇರುವ ಗನ್‌ಸ್ಮಿತ್ ಕೈಯಲ್ಲೇ ಮಾಡಿಸಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಮರದ ಕೆಲಸ ಮಾತ್ರ ನಾನೇ ಮಾಡಿದ್ದು. ಲೋಹದ ಭಾಗಕ್ಕೆ ದೀಪದ ಮಸಿ ಬಳಿದು, ಮರದ ಗುಂಡಿಗೆ ಇಳಿಸಿ, ಎತ್ತಿ ನೋಡೋದು. ಮಸಿ ಹತ್ತಿದ ಜಾಗವನ್ನು ಮಾತ್ರ ಚೂಪಾದ ಉಳಿಯಿಂದ ಕೆರೆಯೋದು. ಮತ್ತೆ ಮಸಿ, ಮತ್ತೆ ಇಳಿಸೋದು. ಮೌಸರ್‌ನ ತಳ ಚಪ್ಪಟೆ, ಗೋಡೆ ನೇರ, ಆದ್ದರಿಂದ ಬೇಗ ಹಿಡಿತಕ್ಕೆ ಬರುತ್ತದೆ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮ್ಯಾಗಜಿನ್ ಕಟ್-ಆಫ್‌ನ (ಮ್ಯಾಗಜಿನ್‌ನಿಂದ ತೋಟಾ ಬರದಂತೆ ತಡೆಯುವ ಭಾಗ) ಸನ್ನೆಗೆ ಎಡಗಡೆ ಜಾಗ ಬಿಡಬೇಕು, ಅಲ್ಲಿ ಮರ ತೆಳು, ಉಳಿ ಸ್ವಲ್ಪ ಜಾರಿದರೂ ಚಕ್ಕೆ ಏಳುತ್ತದೆ. ಪಿ14ರಲ್ಲಿ ಕಷ್ಟದ ಕೆಲಸ ಎಲ್ಲ ಲೋಹದಲ್ಲೇ ಮುಗಿದಿರುತ್ತದೆ, ಮರಕ್ಕೆ ಹೊಸ ಕಾಟ ಏನಿಲ್ಲ.

ನಾನು ಸೋಮವಾರಪೇಟೆ ಕಡೆಯವನು. ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಅನ್ನುವ ಹೂ ಮುಡಿಸಿ ಪೂಜೆ ಮಾಡೋದನ್ನು ನೋಡಿಕೊಂಡೇ ಬೆಳೆದೆ. ಊರಿನ ಹುಡುಗರು ಇದನ್ನು ನಮ್ಮಲ್ಲೂ ಮಾಡಬಹುದಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ. ಭಾರತದಲ್ಲಿ ಪರವಾನಗಿ ಇಲ್ಲದೆ ಕೋವಿ ತಯಾರಿಸೋದು, ಮಾರ್ಪಡಿಸೋದು, ರಿಪೇರಿ ಮಾಡೋದು 1959ರ ಕಾನೂನಿನಡಿ ಅಪರಾಧ. .303ರಂಥ ಸೇನಾ ತೋಟಾದ ರೈಫಲ್ ಸಾಮಾನ್ಯರಿಗೆ ಸಿಗುವುದೂ ಇಲ್ಲ. ಅದಕ್ಕೇ ಇಚ್ಛಾಪುರದ ಸರ್ಕಾರಿ ಕಾರ್ಖಾನೆ ಲೀ-ಎನ್‌ಫೀಲ್ಡ್ ಬಗೆಯ ಆಕ್ಷನ್ ಮೇಲೆ .315 ತೋಟಾದ ಸ್ಪೋರ್ಟಿಂಗ್ ರೈಫಲ್ ಮಾಡಿತು. ಅನೇಕ ಕಾಫಿ ತೋಟದ ಮನೆಗಳಲ್ಲಿ ಅದು ಇವತ್ತಿಗೂ ಇದೆ. ಲೀ-ಎನ್‌ಫೀಲ್ಡ್ ಒಳ್ಳೆಯ ಕೋವಿ, ಬೋಲ್ಟ್ ಓಡುವ ವೇಗದಲ್ಲಿ ಈ ಮೂರನ್ನೂ ಮೀರಿಸುತ್ತದೆ. ಆದರೆ ಅದರ ಸ್ಟಾಕ್ ಎರಡು ತುಂಡಿನದು, ಮ್ಯಾಗಜಿನ್ ಹೊರಗೆ ಚಾಚಿರುತ್ತದೆ. ನಾನು ಹೇಳುವ ಕ್ಲಾಸಿಕ್ ಗೆರೆ ಅದರಲ್ಲಿ ಬರುವುದಿಲ್ಲ.

ಅಮೆರಿಕದಲ್ಲೋ ಬೇರೆ ಕಡೆಯೋ ಕಾನೂನು ಪ್ರಕಾರ ಮಾಡಲು ಅವಕಾಶ ಇರುವವರಿಗೆ ನನ್ನ ಸಲಹೆ: ಮೊದಲ ಬಾರಿ ಕಟ್ಟುವವರು ಮೌಸರ್ ತಗೊಳ್ಳಿ, 7×57 ಅಥವಾ 8×57ಕ್ಕೇ ಕಟ್ಟಿ, ಮ್ಯಾಗಜಿನ್ ಮುಟ್ಟಬೇಡಿ. .30-06 ಬೇಕು, ದೂರದರ್ಶಕ ಬೇಡ ಅನ್ನುವವರಿಗೆ ಸ್ಪ್ರಿಂಗ್‌ಫೀಲ್ಡ್‌ಗಿಂತ ಒಳ್ಳೆಯದು ಇಲ್ಲ. ಜಿಂಕೆ ಕಾಲ ಬಂದಾಗ ನಾನು ಕೈಗೆತ್ತಿಕೊಳ್ಳುವುದು ಅದನ್ನೇ. .375ರಂಥ ತೋಟಾ ಬೇಡವಾದರೆ ಪಿ14 ಗೊಡವೆಗೆ ಹೋಗಬೇಡಿ.

ಕೊನೆಯ ಕೆಲಸ ಬಣ್ಣ. ಕ್ಲಾಸಿಕ್ ರೈಫಲ್‌ಗೆ ಒಪ್ಪುವುದು ತುಕ್ಕಿನಿಂದ ಬರುವ ಕಪ್ಪು. ಎಣ್ಣೆ ಜಿಡ್ಡು ಚೂರೂ ಇಲ್ಲದಂತೆ ತೊಳೆದ ಉಕ್ಕಿಗೆ ದ್ರಾವಣ ಹಚ್ಚಿ, ತೇವದ ಪೆಟ್ಟಿಗೆಯಲ್ಲಿ ಇಟ್ಟರೆ ಕೆಂಪು ತುಕ್ಕು ಹಿಡಿಯುತ್ತದೆ. ಅದನ್ನು ನೀರಿನಲ್ಲಿ ಕುದಿಸಿದರೆ ಕೆಂಪು ಹೋಗಿ ಮಖಮಲ್ಲಿನಂಥ ಕಪ್ಪು ಬರುತ್ತದೆ. ಸಡಿಲ ಇದ್ದದ್ದನ್ನು ಉಕ್ಕಿನ ನಾರಿನಿಂದ ಉಜ್ಜಿ, ಮತ್ತೆ ಮೊದಲಿಂದ. ಮೌಸರ್‌ನ ಸಾದಾ ಇಂಗಾಲದ ಉಕ್ಕು ಬೇಗ ಬಣ್ಣ ಹಿಡಿಯಿತು, ನಳಿಕೆಯ ಜೊತೆಗೇ ಮುಗಿಯಿತು. ಪಿ14ರದ್ದು ನಿಕ್ಕಲ್ ಉಕ್ಕು, ಅದಕ್ಕೆ ತುಕ್ಕು ಸುಲಭಕ್ಕೆ ಹತ್ತದು. ನಳಿಕೆ ಕಪ್ಪಾದರೂ ರಿಸೀವರ್ ಬೂದಿ ಬಣ್ಣದಲ್ಲೇ ಇರುತ್ತದೆ. ಅಂಥ ರಿಸೀವರ್‌ಗೆ ಕೆಲವು ಸುತ್ತು ಮುಂಚೆಯೇ ಶುರುಮಾಡಿ, ನಳಿಕೆಯನ್ನು ಆಮೇಲೆ ಸೇರಿಸಿಕೊಂಡರೆ ಎರಡೂ ಒಂದೇ ಬಣ್ಣಕ್ಕೆ ಬಂದು ನಿಲ್ಲುತ್ತವೆ.